ಒಬ್ಬರಿಗೆ ಮಾತ್ರ ಜಾಗ

ಕ್ಯೋಜ್ಜಾ, 6 ಮಾರ್ಚ್ 1921

ಲುಸ್ಸಿನ್‌ಪಿಕ್ಕೊಲೊದ ಸಿಯೋರ್ ಗಾಸ್ಪಾರ್ ರಾಗುಸಿನ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಎರ್ಸಿಲಿಯಾ ನಾಕ್ಕಾರಿ, ವಯಸ್ಸು ಇಪ್ಪತ್ತೊಂಬತ್ತು. ನನ್ನಪ್ಪ ಹಾಯಿ ಹೊಲಿಯುತ್ತಿದ್ದರು. ನಾನು ವೆನಿಸ್ಸಿನ ಒಂದು ಕಾರ್ಖಾನೆಯಲ್ಲಿ ಕಡಲ ವಿಮಾನಗಳ ರೆಕ್ಕೆಗೆ ಬಟ್ಟೆ ಹೊಲಿಯುತ್ತೇನೆ. ಭಾನುವಾರ ಮಾತ್ರ ಊರಿಗೆ, ಅತ್ತೆಯ ಮನೆಗೆ ಬರುತ್ತೇನೆ. ಈ ಪತ್ರವನ್ನೂ ಭಾನುವಾರವೇ ಬರೆಯುತ್ತಿದ್ದೇನೆ.

ನನ್ನ ಗಂಡ ವಿತ್ತೋರೆ ಯುದ್ಧದಲ್ಲಿ ಸಾಂತ್ ಆಂದ್ರೆಯಾ ದ್ವೀಪದ ನೌಕಾವಿಮಾನ ನೆಲೆಯಲ್ಲಿ ಮೆಕ್ಯಾನಿಕ್ ಆಗಿದ್ದ. 1917ರ ಆಗಸ್ಟ್ 14ರ ಬೆಳಗಿನ ಜಾವ ಲೆಫ್ಟಿನೆಂಟ್ ಅತ್ತೀಲಿಯೊ ಮೊರೇಸ್ಕಿಯವರ ಜೊತೆ ನೀರಿನ ಮೇಲೆ ಇಳಿಯುವ ಹಾರುವ ದೋಣಿಯಲ್ಲಿ, ನಿಮ್ಮ ನೌಕಾನೆಲೆಯಿದ್ದ ಪೋಲಾ ಕಡೆ ಹೋದ. ಮೊರೇಸ್ಕಿಯವರು ನಿಮ್ಮ ಆಸ್ಟ್ರಿಯಾದವರ ಸೆರೆಯಲ್ಲಿದ್ದು ಯುದ್ಧ ಮುಗಿದ ಮೇಲೆ ತಿರುಗಿ ಬಂದರು. ವಿತ್ತೋರೆ ಬರಲಿಲ್ಲ. 'ವಿಮಾನ ಬಿದ್ದಾಗ ನನಗೆ ಪ್ರಜ್ಞೆ ತಪ್ಪಿತು, ಮೆಕ್ಯಾನಿಕ್ ಏನಾದನೋ ತಿಳಿಯದು' ಎಂದು ಮೊರೇಸ್ಕಿಯವರು ಎರಡು ಸಾಲು ಬರೆದುಕೊಟ್ಟಿದ್ದಾರೆ. ನೌಕಾಪಡೆಯ ಪುಸ್ತಕದಲ್ಲಿ ನನ್ನ ಗಂಡನ ಹೆಸರಿನ ಮುಂದೆ 'ಕಾಣೆ' ಎಂದಿದೆ.

ಕಾಣೆಯಾದವನಿಗೆ ಚರ್ಚಿನಲ್ಲಿ ಸತ್ತವರ ಪೂಜೆ ಇಲ್ಲ. ಅವನ ಹೆಂಡತಿ ವಿಧವೆಯೂ ಅಲ್ಲ. ದೋಣಿಯ ಹಲಗೆಗಳ ಸಂದಿಗೆ ನಾರು ತುಂಬಿ ಟಾರು ಬಳಿಯುವ ಬೊರ್ತೊಲೊ ಎಂಬವರು ನನ್ನನ್ನು ಮದುವೆಯಾಗಲು ಕೇಳಿ ಒಂದೂವರೆ ವರ್ಷವಾಯಿತು. ಪಾದ್ರಿ ಕೈ ಆಡಿಸಿ, "ಪುಸ್ತಕದಲ್ಲಿ ನಿನ್ನ ಗಂಡ ಇನ್ನೂ ಇದಾನಲ್ಲಮ್ಮ, ನಾನೇನು ಮಾಡ್ಲಿ?" ಅನ್ನುತ್ತಾರೆ. ನ್ಯಾಯಾಲಯದ ಗುಮಾಸ್ತ, ಕಣ್ಣಾರೆ ಕಂಡವರ ಹೇಳಿಕೆ ತಾ ಎನ್ನುತ್ತಾನೆ.

ಕಳೆದ ತಿಂಗಳು ಬೋರಾ ಗಾಳಿಗೆ ಸಿಕ್ಕಿದ ನಮ್ಮೂರ ತೋನಿಯ ಮೀನುದೋಣಿ ನಿಮ್ಮ ಬಂದರಿನಲ್ಲಿ ನಿಂತಿತ್ತು. ಅಲ್ಲಿಯ ಸಾರಾಯಿ ಅಂಗಡಿಯಲ್ಲಿ ನೀವು, "ಹದಿನೇಳರ ಆಗಸ್ಟ್‌ನಲ್ಲಿ ಒಬ್ಬ ಇಟಲಿ ಅಧಿಕಾರೀನ ನೀರಿಂದ ಎತ್ತಿದೆ, ನಂಗೆ ಒಂದು ಮಾತು ಒಳ್ಳೇದಾಗ್ಲಿ ಅಂತಾನೂ ಅನ್ಲಿಲ್ಲ" ಎಂದಿರಂತೆ. ನಿಮ್ಮ ಹೆಸರು ತೋನಿಯೇ ಕೊಟ್ಟ.

ಆಗ ನೀರಿನಲ್ಲಿ ಇದ್ದದ್ದು ಒಬ್ಬರೋ ಇಬ್ಬರೋ, ಅಷ್ಟು ತಿಳಿಸಿ. ಆಗ ನೀವು ಶತ್ರುವಾಗಿದ್ದಿರಿ. ಈಗ ನಿಮ್ಮ ದ್ವೀಪದಲ್ಲೂ ನಮ್ಮದೇ ಬಾವುಟವಂತೆ. ನನಗೆ ಎರಡರಿಂದಲೂ ಏನೂ ಆಗಬೇಕಾಗಿಲ್ಲ.

ಎರ್ಸಿಲಿಯಾ ನಾಕ್ಕಾರಿ


ಲುಸ್ಸಿನ್‌ಪಿಕ್ಕೊಲೊ, 2 ಏಪ್ರಿಲ್ 1921

ಸಿಯೋರಾ ನಾಕ್ಕಾರಿ ಅವರಿಗೆ,

ಪತ್ರ ತಲುಪಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಿ.

ಹೌದು, ನಾನು ಆಸ್ಟ್ರಿಯಾದ ನೌಕಾಪಡೆಯಲ್ಲಿ ಕಡಲ ವಿಮಾನ ನಡೆಸುತ್ತಿದ್ದೆ. ನೀವು ಹೇಳಿದ ದಿನ, ಪೋಲಾದಿಂದ ನೈಋತ್ಯಕ್ಕೆ ಹದಿನೈದು ಮೈಲಿಯಲ್ಲಿ, ನೀರಿನ ಮೇಲೆ ಕೆಟ್ಟು ನಿಂತಿದ್ದ ಒಂದು ಇಟಲಿಯ ಹಾರುವ ದೋಣಿ ಕಂಡಿತು. ಅದರ ಮೇಲೆ ಇಬ್ಬರಿದ್ದರು. ಅಧಿಕಾರಿಗೆ ಗಾಯವಾಗಿತ್ತು, ಅವರನ್ನು ಎತ್ತಿಕೊಂಡೆವು. ನಮ್ಮ ವಿಮಾನದಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಬಿಟ್ಟು ಹೊರಟಾಗ ನಿಮ್ಮ ಯಜಮಾನರು ಬದುಕಿದ್ದರು. ನಾನು ತಿರುಗಿ ಹೋದಾಗ ಅಲ್ಲಿ ಯಾರೂ ಇರಲಿಲ್ಲ.

ಇದಕ್ಕಿಂತ ಹೆಚ್ಚು ತಿಳಿಸುವಂಥದ್ದು ಇಲ್ಲ. ನಿಮ್ಮ ದುಃಖದಲ್ಲಿ ನಾನೂ ಭಾಗಿ.

ಗಾಸ್ಪಾರ್ ರಾಗುಸಿನ್


ಕ್ಯೋಜ್ಜಾ, 17 ಏಪ್ರಿಲ್ 1921

ಸಿಯೋರ್ ಗಾಸ್ಪಾರ್,

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದ್ದು ನನ್ನ ತಪ್ಪು. ಅತ್ತೆಯ ಹೆಸರು ಕಾತೆ. ಓದು ಬರಹ ಬರುವುದಿಲ್ಲ, ಆದರೆ ಕೇಳಿದ್ದನ್ನು ಮರೆಯುವವರಲ್ಲ. 'ಬದುಕಿದ್ದರು' ಎಂಬಲ್ಲಿಗೆ ಬರುತ್ತಿದ್ದಂತೆ ಕೈಯಲ್ಲಿದ್ದ ಮೀನು ಬುಟ್ಟಿಗೆ ಹಾಕಿ ಎದ್ದು ನಿಂತರು.

"ಬದುಕಿದ್ದ ಅಂತಾನಲ್ಲೇ! ನಾ ಹೇಳ್ಲಿಲ್ವಾ? ನಾಲ್ಕು ವರ್ಷದಿಂದ ಬಡ್ಕೋತಿದೀನಿ, ನೀವು ಯಾರಾದ್ರೂ ಕೇಳಿದ್ರಾ?"

"ಆಮೇಲೆ ಹೋಗಿ ನೋಡಿದಾಗ ಇರ್ಲಿಲ್ಲ ಅಂತಾನೂ ಬರೆದಿದಾರೆ ಅತ್ತೆ."

"ಇರ್ಲಿಲ್ಲ ಅಂದ್ರೆ ಇನ್ಯಾರೋ ಎತ್ಕೊಂಡು ಹೋದ್ರು ಅಂತ. ಅಲ್ಬೇನಿಯಾಗೆ ಹೋಗೋ ಹಡಗು ಎಷ್ಟಿಲ್ಲ? ನನ್ನ ಮಗ ಹುಟ್ಟಿದ್ದೇ ದೋಣೀಲಿ. ನೀರು ಅವನ್ನ ತಿನ್ನಲ್ಲ."

ಮಾರನೆಯ ದಿನ ಬೆಳಿಗ್ಗೆ ವಿತ್ತೋರೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದರಂತೆ. ಬೀದಿಯವರೆಲ್ಲ ನೋಡಿದರಂತೆ. ಬೊರ್ತೊಲೊ ಆ ವಾರ ನಮ್ಮ ಬೀದಿಗೇ ಬರಲಿಲ್ಲ. ನಿಮ್ಮ ಪತ್ರದಿಂದ ನನ್ನ ಗಂಡ ಸಾಯುವುದಕ್ಕೆ ಬದಲಾಗಿ ಇನ್ನಷ್ಟು ಬದುಕಿಕೊಂಡ.

ನೀವು ಎಂಟೇ ಸಾಲು ಬರೆದಿದ್ದೀರಿ. ನಾನು ಬಟ್ಟೆ ಹೊಲಿಯುವವಳು, ಎಲ್ಲಿ ಹೊಲಿಗೆ ಬಿಟ್ಟಿದೆ ಅಂತ ಬೆರಳಿಗೆ ತಿಳಿಯುತ್ತದೆ. ಮೊರೇಸ್ಕಿಯವರು ಪ್ರಜ್ಞೆ ತಪ್ಪಿತ್ತು ಎನ್ನುತ್ತಾರೆ. ನೀವು ಗಾಯ ಎನ್ನುತ್ತೀರಿ. ಎಂಥ ಗಾಯ? ಬಿಟ್ಟು ಹೊರಟದ್ದು ಎಷ್ಟು ಗಂಟೆಗೆ? ತಿರುಗಿ ಬಂದದ್ದು ಎಷ್ಟು ಗಂಟೆಗೆ? ಅಷ್ಟು ಹೊತ್ತು ಏಕೆ? ವಿತ್ತೋರೆ ಏನಾದರೂ ಹೇಳಿದನೇ?

ಮೊರೇಸ್ಕಿಯವರಿಗೂ ಬರೆದಿದ್ದೇನೆ. ಈ ಬೇಸಿಗೆ ವೆನಿಸ್ಸಿನಲ್ಲಿ ನಡೆಯುವ ಕಡಲ ವಿಮಾನಗಳ ಕಪ್ ಪಂದ್ಯಕ್ಕೆ ಆಯ್ಕೆಯಾಗಲು ಅವರೂ ತಯಾರಾಗುತ್ತಿದ್ದಾರೆ. ಅವರ ಪಂದ್ಯದ ವಿಮಾನದ ರೆಕ್ಕೆ ನಮ್ಮ ಕಾರ್ಖಾನೆಗೇ ಬಂದಿದೆ.

ಎರ್ಸಿಲಿಯಾ ನಾಕ್ಕಾರಿ


ವೆನಿಸ್, 30 ಮೇ 1921

ಮಾನ್ಯ ರಾಗುಸಿನ್ ಅವರಿಗೆ,

ನಾವು ಒಂದು ಬೆಳಿಗ್ಗೆ ಮಾತ್ರ ಭೇಟಿಯಾದವರು. ಅಂದು ನಿಮಗೆ ಕೃತಜ್ಞತೆ ಹೇಳಲಿಲ್ಲವೆಂದು ನೀವು ಆಡಿಕೊಂಡದ್ದು ಕಿವಿಗೆ ಬಿತ್ತು. ಈಗ ಹೇಳುತ್ತಿದ್ದೇನೆ.

ಮೆಕ್ಯಾನಿಕ್ ನಾಕ್ಕಾರಿಯ ಪತ್ನಿ ನಿಮಗೂ ನನಗೂ ಬರೆಯುತ್ತಿದ್ದಾಳೆ. ಪಾಪ, ಅವಳಿಗೆ ಬೇಕಾದದ್ದು ಮರುಮದುವೆಗೆ ಒಂದು ಕಾಗದ. ಅದನ್ನು ಕೊಡುವುದು ನಮ್ಮಿಬ್ಬರ ಕೈಯಲ್ಲಿದೆ. ವಕೀಲರಿಂದ ಒಂದು ಹೇಳಿಕೆ ಬರೆಸಿ ಇದರ ಜೊತೆಗೆ ಇಟ್ಟಿದ್ದೇನೆ: ವಿಮಾನವು ನೀರಿಗೆ ಅಪ್ಪಳಿಸಿದಾಗಲೇ ಮೆಕ್ಯಾನಿಕ್ ಸತ್ತಿದ್ದನು, ನೀವು ಶವವನ್ನು ಕಂಡಿರಿ, ಅಲೆ ಜೋರಾಗಿದ್ದುದರಿಂದ ಎತ್ತಲಾಗಲಿಲ್ಲ. ನೀವು ಸಹಿ ಹಾಕಿದರೆ, ಪ್ರಜ್ಞೆ ಬಂದಾಗ ನನಗೂ ಶವ ಕಂಡ ನೆನಪಿದೆ ಎಂದು ನಾನು ಸೇರಿಸುತ್ತೇನೆ.

ಇದರಿಂದ ಯಾರಿಗೂ ಕೇಡಿಲ್ಲ. ಅವಳಿಗೆ ಬಿಡುಗಡೆ. ತಾಯಿಗೆ, ಮಗ ನರಳಲಿಲ್ಲವೆಂಬ ಸಮಾಧಾನ. ನೀವು ದೋಣಿ ನಡೆಸುವ ಪರವಾನಗಿಗೆ ಹೊಸ ಸರ್ಕಾರದಲ್ಲಿ ಅರ್ಜಿ ಹಾಕಿದ್ದೀರಿ ಎಂದು ಕೇಳಿದೆ. ಇಟಲಿಯ ನಾವಿಕನೊಬ್ಬನನ್ನು ನಡುಗಡಲಲ್ಲಿ ಬಿಟ್ಟುಬಂದವನೆಂಬ ಮಾತು ಆ ಕಚೇರಿಗೆ ಹೋಗುವುದು ನಿಮಗೆ ಹಿತವಲ್ಲ. ನನ್ನ ಮಾತು ಬಿಡಿ. ಪಂದ್ಯದ ಹೊತ್ತಿನಲ್ಲಿ ನನಗೂ ಹಿತವಲ್ಲ.

ಕ್ಯಾಪ್ಟನ್ ಅತ್ತೀಲಿಯೊ ಮೊರೇಸ್ಕಿ


ಲುಸ್ಸಿನ್‌ಪಿಕ್ಕೊಲೊ, 12 ಜೂನ್ 1921

ಸಿಯೋರಾ ಎರ್ಸಿಲಿಯಾ,

ಮೊರೇಸ್ಕಿಯವರ ಪತ್ರವನ್ನೂ ಅವರು ಕಳಿಸಿದ ಹೇಳಿಕೆಯನ್ನೂ ಇದರಲ್ಲಿ ಇಟ್ಟಿದ್ದೇನೆ. ಹತ್ತು ದಿನ ಅದನ್ನು ಮೇಜಿನ ಮೇಲಿಟ್ಟುಕೊಂಡಿದ್ದೆ. ಎರಡು ಸಲ ಲೇಖನಿಯನ್ನೂ ಕೈಗೆ ತೆಗೆದುಕೊಂಡೆ. ನಿಮಗೆ ಬೇಕಾದದ್ದು ಅದರಲ್ಲಿದೆ. ಸಹಿ ಹಾಕು ಎಂದರೆ ಹಾಕಿ ಕಳಿಸುತ್ತೇನೆ. ಆದರೆ ಮೊದಲು, ನಾನು ಎಂಟು ಸಾಲಿನಲ್ಲಿ ನುಂಗಿಕೊಂಡದ್ದನ್ನು ಓದಿ.

ಅಂದು ಬೆಳಿಗ್ಗೆ ಏಳೂಮುಕ್ಕಾಲು. ಕಡಲು ಎಣ್ಣೆ ಸುರಿದಂತೆ ಸಪಾಟಾಗಿತ್ತು. ನಮ್ಮ ವಿಮಾನದಲ್ಲಿ ನಡೆಸುವವನು ನಾನು. ಪಕ್ಕದಲ್ಲಿ ವಿಯೆನ್ನಾದ ಒಬ್ಬ ಲೆಫ್ಟಿನೆಂಟ್. ನಾನು ಕೆಳಗಿನ ದರ್ಜೆಯವನು, ಅಪ್ಪಣೆ ಅವನದು. ಕೆಳಗೆ ನಿಮ್ಮವರ ದೋಣಿ ಕಂಡಿತು. ನಮ್ಮ ಗುಂಡೊಂದು ಅದರ ರೇಡಿಯೇಟರಿಗೆ ತಗುಲಿ ನೀರೆಲ್ಲ ಸೋರಿ ಇಂಜಿನ್ ಬಿಗಿದುಕೊಂಡು ನಿಂತಿತ್ತು. ಇಳಿಯುವಾಗ ತಳದ ಹಲಗೆ ಬಿರಿದು ಎಡರೆಕ್ಕೆ ಆಗಲೇ ನೀರಲ್ಲಿ ಮುಳುಗಿತ್ತು. ಹತ್ತಿರ ಇಳಿದೆವು. ನಮ್ಮ ಇಂಜಿನ್ ನಿಲ್ಲಿಸಿದರೆ ಮತ್ತೆ ಕೈಯಿಂದ ತಿರುಗಿಸಿ ಹಚ್ಚಬೇಕು, ಹಾಗಾಗಿ ನಿಲ್ಲಿಸಲಿಲ್ಲ. ಗದ್ದಲದಲ್ಲಿ ಕೂಗಿ ಮಾತಾಡಬೇಕಿತ್ತು.

ಮೊರೇಸ್ಕಿಯವರಿಗೆ ಪ್ರಜ್ಞೆ ತಪ್ಪಿರಲಿಲ್ಲ. ಬಲಗೈ ಮಣಿಕಟ್ಟು ಮುರಿದಿತ್ತು, ಅಷ್ಟೆ. ವಿತ್ತೋರೆ, ಅವರನ್ನು ಕಾಲರ್ ಹಿಡಿದು ಮೇಲೆ ಕೂರಿಸಿಕೊಂಡಿದ್ದ. ನಾನು ನಮ್ಮ ಮಾತಿನಲ್ಲೇ, "ಏಟಾಗಿದೆಯಾ?" ಎಂದು ಕೂಗಿದೆ. ನಮ್ಮ ದ್ವೀಪದ ಮಾತೂ ನಿಮ್ಮೂರ ಮಾತೂ ಒಂದೇ ಅಲ್ಲವೇ? ವಿತ್ತೋರೆ ಬಾಯಿ ಬಿಟ್ಟು ನೋಡಿದ.

"ಅರೆ, ನೀನು ನಮ್ಮೋನ ಥರಾನೇ ಮಾತಾಡ್ತೀಯಲ್ಲೋ! ಆ ಕಡೆ ಏನ್ ಮಾಡ್ತಿದೀಯ ಮಾರಾಯ?"

"ನಮ್ಮೂರು ಆ ಕಡೆಗೇ ಇತ್ತಲ್ಲಪ್ಪ, ನಾನೇನ್ ಮಾಡ್ಲಿ?"

ನಕ್ಕ. ಯುದ್ಧ ಶುರುವಾದ ವರ್ಷ ನಮ್ಮ ಹಾರುವ ದೋಣಿಯೊಂದನ್ನು ನಿಮ್ಮವರು ಹಿಡಿದು, ತಿಂಗಳೊಪ್ಪತ್ತಿನಲ್ಲಿ ಅದರಂತೆಯೇ ಮಾಡಿಕೊಂಡಿದ್ದರು. "ನಮ್ಮದನ್ನ ನಕಲು ಹೊಡೆದ್ರೆ ಹಿಂಗೇ ಆಗೋದು" ಎಂದೆ. "ನಕಲಾದ್ರೇನು, ಮುಳುಗೋದ್ರಲ್ಲಿ ನಿಮ್ಮದನ್ನ ಮೀರಿಸಿದೆ ನೋಡು" ಎಂದ. ಇಷ್ಟು ಮಾತಾಡಿದೆವು. ನಾವು ಶತ್ರುಗಳು ಎಂಬುದು ಇಬ್ಬರಿಗೂ ಮರೆತಿತ್ತು.

ಲೆಫ್ಟಿನೆಂಟ್‌ಗೆ ನಮ್ಮ ಭಾಷೆ ಬಾರದು. "ಒಬ್ಬನೇ. ಅಧಿಕಾರಿ" ಎಂದ. ಮೂರನೆಯವನನ್ನು ಬೇಕಾದರೆ ರೆಕ್ಕೆಗಳ ನಡುವೆ ವಿಮಾನದ ಬೆನ್ನ ಮೇಲೆ ಮಲಗಿಸಬಹುದು. ನಾಲ್ಕನೆಯವನಿದ್ದರೆ ವಿಮಾನ ನೀರು ಬಿಟ್ಟು ಏಳುವುದಿಲ್ಲ. ಅದು ನಿಜ. ಆದರೆ ನಮ್ಮ ರೆಕ್ಕೆಯಡಿ ಐವತ್ತೈವತ್ತು ಕಿಲೋದ ಎರಡು ಬಾಂಬುಗಳಿದ್ದವು. ಅವನ್ನು ನೀರಿಗೆ ಬಿಟ್ಟಿದ್ದರೆ ಏಳುತ್ತಿತ್ತು. ಏಳದಿದ್ದರೂ ನೀರಿನ ಮೇಲೇ ನಿಂತು ಕಾಯಬಹುದಿತ್ತು. ಹಿಂದಿನ ವರ್ಷ ನಮ್ಮವರದೇ ಎರಡು ಹಾರುವ ದೋಣಿಗಳು ಮುಳುಗಿದ ಫ್ರೆಂಚ್ ಜಲಾಂತರ್ಗಾಮಿಯ ಎಲ್ಲ ಮಂದಿಯನ್ನೂ ತಮ್ಮ ಅಂಚಿಗೆ ನೇತುಬೀಳಿಸಿಕೊಂಡು, ಹಡಗು ಬರುವತನಕ ನಿಂತಿದ್ದವು. ಪೋಲಾದಲ್ಲಿ ಆ ಕಥೆ ಗೊತ್ತಿಲ್ಲದವರಿರಲಿಲ್ಲ. ನನಗೂ ಆ ಕ್ಷಣ ಅದು ನೆನಪಾಯಿತು. ಲೆಫ್ಟಿನೆಂಟ್‌ಗೆ ಹೇಳಲಿಲ್ಲ. ಅವನು ಬೈಯುವವನೇನಲ್ಲ. ಸೆರೆಸಿಕ್ಕ ಅಧಿಕಾರಿಯೊಡನೆ ಬೇಗ ಪೋಲಾಕ್ಕೆ ಇಳಿಯಬೇಕೆಂಬ ಆಸೆ ಅವನಿಗಿದ್ದಷ್ಟೇ ನನಗೂ ಇತ್ತು.

ವಿತ್ತೋರೆ ತಾನೇ ಮೊರೇಸ್ಕಿಯವರನ್ನು ಎತ್ತಿ ನಮ್ಮ ಕಡೆ ದಾಟಿಸಿದ. ಆಮೇಲೆ ಕೇಳಿದ, "ಎಷ್ಟೊತ್ತಾಗುತ್ತೆ?"

"ಒಂದು ಗಂಟೆ" ಎಂದೆ.

"ಸರಿ, ಬಾ. ನಾನೆಲ್ಲೂ ಹೋಗಲ್ಲ."

ಆಗ ಎಂಟು ಗಂಟೆ. ಎಂಟೂಕಾಲಿಗೆ ಪೋಲಾದಲ್ಲಿ ಇಳಿದೆವು. ಲೆಫ್ಟಿನೆಂಟ್ ಕಚೇರಿಗೆ ಹೋಗಿ ಬಂದು, ವಿತ್ತೋರೆಯನ್ನು ತರಲು ಟಾರ್ಪಿಡೊ ದೋಣಿ ಹೊರಟಿದೆ ಎಂದ. ಫೋಟೋ ತೆಗೆದರು, ನಾನೂ ನಿಂತೆ. ಕಾಫಿ ಕೊಟ್ಟರು, ಕುಡಿದೆ. ದೋಣಿ ಹೊರಟದ್ದನ್ನು ನಾನು ಕಂಡಿರಲಿಲ್ಲ. ಹೊರಟಿದೆ ಎಂದು ನಂಬುವುದು ಸುಲಭವಾಗಿತ್ತು. ಹನ್ನೊಂದಕ್ಕೆ ಕಟ್ಟೆಯ ಕಡೆ ಹೋದರೆ ಆ ದೋಣಿ ಬಾಯ್ಲರ್ ಬಿಚ್ಚಿಕೊಂಡು ಅಲ್ಲೇ ಇತ್ತು. ಅಪ್ಪಣೆ ಕೇಳಿ, ಪೆಟ್ರೋಲು ತುಂಬಿಸಿ, ನಾನು ಅಲ್ಲಿಗೆ ಮುಟ್ಟಿದಾಗ ಒಂದು ಗಂಟೆ. ಅಷ್ಟರಲ್ಲಿ ದಕ್ಷಿಣದ ಗಾಳಿ ಎದ್ದು ಅಲೆ ಆಳೆತ್ತರ ಆಗಿತ್ತು. ರೆಕ್ಕೆಯ ತುದಿಗಿರುವ ಮರದ ತೇಲುಪೆಟ್ಟಿಗೆಯೊಂದು ಮಾತ್ರ ತೇಲುತ್ತಿತ್ತು. ಪೆಟ್ರೋಲು ಮುಗಿಯುವತನಕ ಸುತ್ತಿದೆ. ಆ ದಿನ ಆ ನೀರಿನಲ್ಲಿ ಬೇರೆ ಯಾವ ಹಡಗೂ ಇರಲಿಲ್ಲ. ಇದ್ದಿದ್ದರೆ ನಮ್ಮ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ನಿಮ್ಮ ಅತ್ತೆಗೆ ಇದನ್ನು ಹೇಳುವುದೋ ಬೇಡವೋ ನೀವೇ ನೋಡಿ.

ಸೆಪ್ಟೆಂಬರಿನಲ್ಲಿ ನನಗೆ ಬೆಳ್ಳಿ ಪದಕ ಕೊಟ್ಟರು. ಮರುವರ್ಷ ಪೋಲಾದಲ್ಲಿ ಹಸಿವು ಹೆಚ್ಚಿದಾಗ ಅದನ್ನು ಕೊಟ್ಟು ಮೆಕ್ಕೆಜೋಳದ ಹಿಟ್ಟು ತಂದೆ.

ಯಾವ ಕಾಗದ ಬೇಕು, ತಿಳಿಸಿ.

ಗಾಸ್ಪಾರ್ ರಾಗುಸಿನ್


ವೆನಿಸ್, 24 ಜುಲೈ 1921

ಸಿಯೋರ್ ಗಾಸ್ಪಾರ್,

ನಿಮ್ಮ ಪತ್ರ ಬಂದು ಐದು ವಾರವಾಯಿತು. ಅದರಲ್ಲಿ ಎರಡು ವಾರ ನಿಮ್ಮ ಮೇಲೆ ನನಗಿದ್ದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ಬೊರ್ತೊಲೊಗೆ ಎರಡು ಕಾಗದವನ್ನೂ ತೋರಿಸಿದೆ. ಅವರು ತುಂಬ ಹೊತ್ತು ಟೋಪಿ ತಿರುಗಿಸುತ್ತ ಕೂತರು. "ವಕೀಲರದ್ದಕ್ಕೇ ಸಹಿ ಹಾಕಿಸ್ಬಿಡು ಎರ್ಸಿಲಿಯಾ. ಎಲ್ಲರಿಗೂ ಒಳ್ಳೇದು. ಅವನು ಕಾದು ಕಾದು ಸತ್ತ ಅಂತ ಆ ತಾಯಿಗೆ ಯಾಕೆ ಗೊತ್ತಾಗ್ಬೇಕು?" ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದರು. ನಾನೂ ಒಪ್ಪುವುದರಲ್ಲಿದ್ದೆ.

ಕಳೆದ ವಾರ ಆಯ್ಕೆಯ ಪರೀಕ್ಷೆ ಇತ್ತು. ಹಾರಿಸುವ ಮುಂಚೆ ವಿಮಾನವನ್ನು ಆರು ಗಂಟೆ ನೀರಿನಲ್ಲಿ ಲಂಗರು ಹಾಕಿ ಬಿಡುತ್ತಾರೆ, ತಳ ಸೋರುತ್ತದೋ ಅಂತ ನೋಡಲು. ಅಷ್ಟು ಹೊತ್ತು ಹಾರಾಟಗಾರರಿಗೆ ಕೆಲಸವಿಲ್ಲ. ರೆಕ್ಕೆಯ ತುದಿಯಲ್ಲಿ ಒಂದೆಡೆ ಬಟ್ಟೆ ಸಡಿಲವಾಗಿದೆ ಅಂತ ನನ್ನನ್ನು ಸೂಜಿದಾರ ಕೊಟ್ಟು ಕಳಿಸಿದ್ದರು. ಕಟ್ಟೆಯ ಮೇಲೆ ಹಗ್ಗದ ಸುರುಳಿಯ ಮೇಲೆ ಮೊರೇಸ್ಕಿಯವರು ಒಬ್ಬರೇ ಕೂತಿದ್ದರು. ಹೋಗಿ ನನ್ನ ಹೆಸರು ಹೇಳಿದೆ. ಎದ್ದು ನಿಂತರು.

"ಪರೀಕ್ಷೆ ಮುಗೀಲಿ, ಆಮೇಲೆ ವಕೀಲರ ಹತ್ರ ಮಾತಾಡೋಣ" ಎಂದರು.

"ಇನ್ನೂ ನಾಲ್ಕು ಗಂಟೆ ಇದೆಯಲ್ಲ ಸಾಹೇಬ್ರೆ. ಈಗ್ಲೇ ಮಾತಾಡೋಣ" ಎಂದು ನಿಮ್ಮ ಪತ್ರ ಕೊಟ್ಟೆ.

ಓದಿದರು. ಇನ್ನೊಮ್ಮೆ ಓದಿದರು. "ಇದೆಲ್ಲ ನಿಜ" ಎಂದರು. ಪತ್ರ ಮಡಿಸಿ, ನಾನು ಕೇಳದೆಯೇ ಹೇಳಿದರು: "ಒಂದು ಬಿಟ್ಟಿದಾನೆ. ಅವನಿಗೆ ಕೇಳಿಸಿರಲಿಕ್ಕಿಲ್ಲ. ಆ ಲೆಫ್ಟಿನೆಂಟ್ ಒಬ್ಬನೇ ಅಂದಾಗ, ನನ್ನ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗಿ ಅಂತ ಅವನ ಭಾಷೇಲೇ ಹೇಳೋಕೆ ಬಾಯಿ ತೆರೆದೆ. ದೇವರಾಣೆ, ಅದಕ್ಕೇ ತೆರೆದದ್ದು."

"ಮತ್ತೆ?"

"'ನನ್ನ ಕೈ ಮುರಿದಿದೆ' ಅಂದೆ."

ಅವರಿಗೆ ಆಗ ಇಪ್ಪತ್ತಮೂರು ವರ್ಷವಂತೆ. ನಾನು ದೋಣಿ ಹತ್ತಿ ರೆಕ್ಕೆಯ ಕೆಲಸ ಮುಗಿಸಿ ಬಂದೆ. ಹತ್ತು ಹೊಲಿಗೆ ಅಷ್ಟೇ. ಅಲ್ಲಿಯತನಕ ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಹೆದರ್ಬೇಡಿ, ಸರಿಯಾಗೇ ಹೊಲಿದಿದೀನಿ" ಎಂದೆ.

ಅವರ ಮುಖ ಕೆಂಪಾಯಿತು. ಕಾಗದ ಕೇಳಿದರು. ತಮ್ಮ ಹಳೆಯ ಎರಡು ಸಾಲು ಸುಳ್ಳೆಂದೂ, ಗಾಸ್ಪಾರ್ ರಾಗುಸಿನ್ ಹೇಳುವುದೆಲ್ಲ ನಿಜವೆಂದೂ ಬರೆದು, ಕೈ ಮುರಿದ ಮಾತನ್ನೂ ಸೇರಿಸಿ, ಪಂದ್ಯದ ಅಧಿಕಾರಿಯೊಬ್ಬರನ್ನು ಕರೆದು ಅವರೆದುರಿಗೇ ಸಹಿ ಹಾಕಿದರು. ಆಮೇಲೆ ಹಾರಿದರು. ಚೆನ್ನಾಗಿಯೇ ಹಾರಿದರು, ತಿರುವಿನಲ್ಲಿ ರೆಕ್ಕೆ ನೀರಿಗೆ ಒಂದು ಗೇಣು ಇದ್ದಂತೆ ಕಂಡಿತು. ಆದರೆ ಅವರಿಗಿಂತ ವೇಗದವರು ಮೂವರಿದ್ದರು. ಆಯ್ಕೆಯಾಗಲಿಲ್ಲ.

ನೀವೂ ನಿಜವನ್ನೇ ಬರೆಯಿರಿ. ನಿಮ್ಮ ಪರವಾನಗಿಯ ವಿಷಯ ನನಗೆ ಗೊತ್ತಿದೆ, ಗೊತ್ತಿದ್ದೇ ಕೇಳುತ್ತಿದ್ದೇನೆ. ಸುಳ್ಳು ಕಾಗದದ ಮೇಲೆ ಮದುವೆಯಾದರೆ, ಬಾಗಿಲು ಯಾರು ತಟ್ಟಿದರೂ ನಾನು ಬೆಚ್ಚಿಬೀಳಬೇಕು. ಅವನು ಹೇಗೆ ಸತ್ತನೋ ಹಾಗೆಯೇ ಸತ್ತಿರಲಿ.

ಎರ್ಸಿಲಿಯಾ


ಲುಸ್ಸಿನ್‌ಪಿಕ್ಕೊಲೊ, 8 ಆಗಸ್ಟ್ 1921

ಸಿಯೋರಾ ಎರ್ಸಿಲಿಯಾ,

ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆಸಿದ ಹೇಳಿಕೆ ಇದರೊಡನೆ ಇದೆ. ಬಾಂಬಿನದು, ಕಾಫಿಯದು, ಫೋಟೋದ್ದು ಎಲ್ಲವೂ ಇದೆ. ನೋಟರಿ ನಮ್ಮ ತಂದೆಯ ಸ್ನೇಹಿತರು. ನಡುವೆ ಲೇಖನಿ ನಿಲ್ಲಿಸಿ, "ಮಗಾ, ಇದನ್ನೆಲ್ಲ ಯಾರಾದ್ರೂ ಕೇಳಿದ್ರೇನೋ? ಅರ್ಧ ಸಾಕಲ್ವಾ?" ಎಂದರು. "ಪೂರ್ತಿ ಬರೀರಿ" ಎಂದೆ.

ಬಂದರು ಕಚೇರಿಗೆ ಮೂರನೆಯ ದಿನವೇ ಸುದ್ದಿ ಮುಟ್ಟಿತು. ಊರು ಚಿಕ್ಕದು. ನನ್ನ ಅರ್ಜಿಯನ್ನು 'ಮುಂದೆ ನೋಡೋಣ' ಎಂದು ಬದಿಗಿಟ್ಟಿದ್ದಾರೆ. ಸದ್ಯಕ್ಕೆ ಸೋದರಮಾವನ ದೋಣಿಯಲ್ಲಿ ಆಳಾಗಿ ಹೋಗುತ್ತಿದ್ದೇನೆ. ಇದನ್ನು ದೂರಾಗಿ ಬರೆಯುತ್ತಿಲ್ಲ.

ಗಾಸ್ಪಾರ್


ಕ್ಯೋಜ್ಜಾ, 18 ಸೆಪ್ಟೆಂಬರ್ 1921

ಗಾಸ್ಪಾರ್ ಅವರೆ,

ಒಂಬತ್ತನೆಯ ತಾರೀಕು ನ್ಯಾಯಾಲಯದವರು ವಿತ್ತೋರೆ ತೀರಿಕೊಂಡನೆಂದು ಬರೆದರು. ನ್ಯಾಯಾಧೀಶರು ನಿಮ್ಮ ಹೇಳಿಕೆಯನ್ನು ಪೂರ್ತಿ ಓದಿಸಿದರು. ಓದಿ ಮುಗಿಸಿದ ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. ಚರ್ಚಿನಲ್ಲಿ ಪೂಜೆಯಾಯಿತು. ನನಗೂ ಬೊರ್ತೊಲೊಗೂ ನವೆಂಬರಿನಲ್ಲಿ ಮದುವೆ.

ಅತ್ತೆ ಪೂಜೆಗೆ ಬರಲಿಲ್ಲ. ನ್ಯಾಯಾಲಯದಲ್ಲಿ ಓದಿದ್ದನ್ನು ಮನೆಯಲ್ಲಿ ನಾನೇ ಹೇಳಿದೆ, ಒಂದನ್ನೂ ಬಿಡದೆ. ಅಂದಿನಿಂದ ನನ್ನೊಡನೆ ಮಾತಿಲ್ಲ. ಅಡುಗೆ ಮಾಡುತ್ತಾರೆ, ನನಗೂ ಬಡಿಸುತ್ತಾರೆ, ಗೋಡೆಯ ಕಡೆ ತಿರುಗಿ ಉಣ್ಣುತ್ತಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿ ಸತ್ತ ಮೇಲೆ ನನಗೆ ತಾಯಿ ಎಂದರೆ ಅವರೇ. ಕಾಗದ ಕೈಗೆ ಬಂದರೂ ಅವರ ಬಾಯಿಂದ ಒಂದು ಮಾತು ಬಾರದೆ ಈ ಮನೆಯ ಹೊಸ್ತಿಲು ದಾಟಲು ನನ್ನಿಂದಾಗದು.

ಇಂದು ಬೆಳಿಗ್ಗೆ ಬಾಯಿ ಬಿಟ್ಟರು. "ಆ ಮನುಷ್ಯನ್ನ ನೋಡ್ಬೇಕು. ಜಾಗ ತೋರಿಸ್ಲಿ" ಎಂದರು. ಬೇಡವೆಂದರೆ ಕೇಳಲಿಲ್ಲ. ತೋನಿಯ ದೋಣಿಯಲ್ಲಿ ಇನ್ನೆರಡು ವಾರದಲ್ಲಿ ಬರುತ್ತಾರೆ. ವಯಸ್ಸು ಅರವತ್ತೆಂಟು, ಆದರೆ ದೋಣಿಯಲ್ಲಿ ನಿಮಗಿಂತ ಗಟ್ಟಿ. ಏನು ಕೇಳಿದರೂ ನಿಜ ಹೇಳಿ. ಬೈದರೆ ಬೈಸಿಕೊಳ್ಳಿ.

ಎರ್ಸಿಲಿಯಾ


ಲುಸ್ಸಿನ್‌ಪಿಕ್ಕೊಲೊ, 9 ಅಕ್ಟೋಬರ್ 1921

ಎರ್ಸಿಲಿಯಾ ಅವರೆ,

ನಿಮ್ಮ ಅತ್ತೆ ನಾಳೆ ತೋನಿಯ ಜೊತೆ ಹೊರಡುತ್ತಾರೆ. ಅವರ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ನಡೆದದ್ದನ್ನು ನೀನೇ ಬರೆದು ತಿಳಿಸು ಎಂದಿದ್ದಾರೆ.

ಬಂದ ದಿನ ಕಟ್ಟೆಯ ಮೇಲೆ ನಿಂತು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ನೀನೇನಾ?" ಎಂದರು. "ಹೌದಮ್ಮ" ಎಂದೆ. "ಇಷ್ಟು ಸಣಕಲು ಇದೀಯ. ನಾಲ್ಕನೇ ಆಳಿಗೆ ಜಾಗ ಇರ್ಲಿಲ್ವಂತೆ" ಎಂದು ಬೆನ್ನು ತಿರುಗಿಸಿದರು. ನಮ್ಮ ತಾಯಿ ಊಟಕ್ಕೆ ಕರೆದರೆ ಬರಲಿಲ್ಲ. ದೋಣಿಯಲ್ಲೇ ಉಂಡು ಮಲಗಿದರು.

ಮಾರನೆಯ ದಿನ ತೋನಿಯ ದೋಣಿಯಲ್ಲೇ ಹೋಗಿ ಸಂಜೆಗೆ ಪ್ರೊಮೊಂತೊರೆ ಭೂಶಿರದ ಮರೆಯಲ್ಲಿ ಲಂಗರು ಹಾಕಿದೆವು. ಬೆಳಗಾಗುತ್ತಲೇ ಹೊರಟು ಎಂಟು ಗಂಟೆಗೆ ಸ್ವಲ್ಪ ಮುಂಚೆ ಅಲ್ಲಿ ಮುಟ್ಟಿದೆವು. ದಿಕ್ಸೂಚಿ ನೋಡಿ, ಪೋಲಾದ ಗುಡ್ಡದ ಗುರುತು ನೋಡಿ, "ಇಲ್ಲೇ" ಎಂದೆ.

"ಇಲ್ಲೇ ಅಂತ ಹೆಂಗೆ ಹೇಳ್ತೀಯ? ನೀರಿಗೆ ಗೂಟ ಹೊಡೆದಿದ್ಯಾ?"

"ಇಲ್ಲಮ್ಮ. ಒಂದೆರಡು ಮೈಲಿ ಆಚೀಚೆ ಇರಬಹುದು."

"ಹಾಗೆ ಹೇಳು."

ಆಮೇಲೆ ಕೇಳಿದರು, "ನನ್ನ ಮಗನ್ನ ಎಷ್ಟೊತ್ತು ಕಾಯಿಸ್ದೆ?"

"ಐದು ಗಂಟೆ."

"ಹಾಯಿ ಇಳಿಸು. ಐದು ಗಂಟೆ ಇಲ್ಲೇ ನಿಲ್ಲು."

ತೋನಿ ನನ್ನ ಮುಖ ನೋಡಿದ. ಹಾಯಿ ಇಳಿಸಿದೆವು. ನಿಮ್ಮ ಅತ್ತೆ ಮುಂದಿನ ತುದಿಯಲ್ಲಿ ಬುಟ್ಟಿ ಬೋರಲು ಹಾಕಿ ಕೂತರು. ನಾನು ನಿಂತೇ ಇದ್ದೆ.

ಮೊದಲ ಗಂಟೆ ಬೈದರು. ನನ್ನನ್ನು, ನಮ್ಮ ಚಕ್ರವರ್ತಿಯನ್ನು, ನಿಮ್ಮ ರಾಜನನ್ನು, ಮೊರೇಸ್ಕಿಯವರನ್ನು, ನೀರಿನಲ್ಲಿ ಇರಬೇಕಾದ ದೋಣಿಗೆ ರೆಕ್ಕೆ ಕಟ್ಟಿದವರನ್ನು. ಎರಡನೆಯ ಗಂಟೆ ಮಾತಾಡಲಿಲ್ಲ. ಬಿಸಿಲೇರಿತು. ಒಂದು ಗಂಟೆ ಎಂದರೆ ಎಷ್ಟು ಉದ್ದ ಎಂಬುದು ನನಗೆ ಆಗ ತಿಳಿಯಿತು. ಅಂದು ಅಷ್ಟು ಹೊತ್ತಿಗೆ ನಾನು ಪೋಲಾದಲ್ಲಿ ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದೆ. ಅದನ್ನೂ ಅವರಿಗೆ ಹೇಳಿದೆ. "ಹೂಂ" ಎಂದರು.

ಹನ್ನೊಂದರ ಹೊತ್ತಿಗೆ, "ಅವನು ಏನಂದ? ಮತ್ತೊಂದ್ಸಲ ಹೇಳು" ಎಂದರು. ವಿತ್ತೋರೆಯ ಮಾತುಗಳನ್ನು ಇದ್ದದ್ದಿದ್ದಂತೆ ಹೇಳಿದೆ. ಮುಳುಗುವುದರಲ್ಲಿ ನಿಮ್ಮದನ್ನು ಮೀರಿಸಿದೆ ಎಂದದ್ದಕ್ಕೆ ಅವರ ಬಾಯಿ ಒಂದು ಕಡೆ ಸೊಟ್ಟಗಾಯಿತು. ನಗುವೋ ಅಳುವೋ ಗೊತ್ತಾಗಲಿಲ್ಲ. "ಅವರಪ್ಪನ ನಾಲಿಗೆ" ಎಂದರು. ಸ್ವಲ್ಪ ಹೊತ್ತಿಗೆ ಬಟ್ಟೆಗಂಟಿನಿಂದ ತಣ್ಣನೆಯ ಪೊಲೆಂತಾ, ಮೆಕ್ಕೆಜೋಳದ ಗಟ್ಟಿ ಮುದ್ದೆ, ತೆಗೆದು ದಾರದಿಂದ ಮೂರು ತುಂಡು ಮಾಡಿ, ತೋನಿಗೊಂದು ಕೊಟ್ಟು, ನನ್ನ ಮುಂದೂ ಒಂದು ಚಾಚಿದರು. "ತಿನ್ನು. ನಿಂತು ನಿಂತು ಬಿದ್ದೀಯ."

ಹನ್ನೆರಡಕ್ಕೆ ದಕ್ಷಿಣದಿಂದ ಗಾಳಿ ಸಣ್ಣಗೆ ಶುರುವಾಯಿತು. ಅವರು ಮೂಗೆತ್ತಿ ಗಾಳಿ ನೋಡಿದರು. ಅಂದೂ ಹೀಗೆಯೇ ಎದ್ದಿತ್ತು. ದೋಣಿ ಓಲಾಡತೊಡಗಿತು. ಶಾಲನ್ನು ಬಿಗಿಯಾಗಿ ಕಟ್ಟಿಕೊಂಡು ನೀರನ್ನೇ ನೋಡುತ್ತ ಕೂತರು.

"ಒಂದಾಯ್ತಾ?"

"ಆಯ್ತಮ್ಮ."

"ಈಗ ನೀನು ಬಂದೆ."

"ಹೌದು."

ಎದ್ದು ನಿಂತು ಸುತ್ತಲೂ ಒಮ್ಮೆ ನೋಡಿದರು, ನಿಧಾನವಾಗಿ, ಯಾವ ದಿಕ್ಕನ್ನೂ ಬಿಡದೆ. ನಾನೂ ನೋಡಿದೆ.

"ಅವನಿಲ್ಲ" ಎಂದರು.

"ಇಲ್ಲಮ್ಮ."

"ಸರಿ. ಹಾಯಿ ಎತ್ತು."

ದಾರಿಯಲ್ಲಿ ಮಲಗಿ ನಿದ್ದೆ ಮಾಡಿದರು. ದ್ವೀಪಕ್ಕೆ ಬಂದ ಮೇಲೆ ನಮ್ಮ ಮನೆಗೆ ತಾವೇ ನಡೆದುಬಂದು, ನಮ್ಮ ತಾಯಿಯ ಮೀನಿನ ಸಾರಿಗೆ ಉಪ್ಪು ಕಡಿಮೆ ಎಂದರು. ಈಗ ಇಬ್ಬರೂ ಒಲೆಯ ಹತ್ತಿರ ಕೂತಿದ್ದಾರೆ. ನಿಮಗೆ ಒಂದು ಮಾತು ತಿಳಿಸಲು ಹೇಳಿದ್ದಾರೆ: ನವೆಂಬರಿನ ಮದುವೆಗೆ ಅಡುಗೆಯವರನ್ನು ಯಾರನ್ನೂ ಗೊತ್ತು ಮಾಡಬೇಡಿ, ಸರ್ದೀನು ಮೀನನ್ನು ಈರುಳ್ಳಿ ಹುಳಿಯಲ್ಲಿ ಅವರೇ ಮಾಡುತ್ತಾರಂತೆ. ಬೊರ್ತೊಲೊಗೆ ಈರುಳ್ಳಿ ಆಗದಿದ್ದರೆ ಈಗಲೇ ಹೇಳಬೇಕಂತೆ, ಆಮೇಲೆ ಗೊಣಗಿದರೆ ಕೇಳುವುದಿಲ್ಲವಂತೆ.

ಗಾಸ್ಪಾರ್